ಬೆಂಕಿ ಬೀಳುವ ಮೊದಲೇ ಬಾವಿ: ಸ್ಪರ್ಧಾತ್ಮಕ ಪರೀಕ್ಷೆಗೆ ಮನಸ್ಸನ್ನು ಸಿದ್ಧ ಮಾಡಿಕೊಳ್ಳುವುದು ಹೇಗೆ?

ಬೆಂಗಳೂರಿನ ವಿಜಯನಗರದಲ್ಲಿ ಬೆಳಿಗ್ಗೆ ಆರೂವರೆಗೆ ಒಂದು ಸುತ್ತು ನಡೆದು ನೋಡಿ. ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಸ್ಟಡಿ ಸೆಂಟರ್ ಕಡೆಗೆ ಹೊರಟ ಹುಡುಗ ಹುಡುಗಿಯರು ಸಾಲು ಸಾಲು ಸಿಗುತ್ತಾರೆ. ಧಾರವಾಡದ ಸಪ್ತಾಪುರದಲ್ಲೂ ಇದೇ ನೋಟ. ಒಬ್ಬರು ರಾಯಚೂರಿನವರು, ಇನ್ನೊಬ್ಬರು ಚಾಮರಾಜನಗರದವರು. ಆ ಬ್ಯಾಗಿನ ಹಿಂದೆ ಯಾರದೋ ಮನೆಯ ಹಸು ಮಾರಿದ ದುಡ್ಡಿದೆ, ಯಾರದೋ ಅಕ್ಕನ ಸಂಬಳವಿದೆ.

ನಾನೂ ಅಲ್ಲಿ ಒಂದು ಪಿಜಿಯಲ್ಲಿ ನಾಲ್ಕು ವರ್ಷ ಇದ್ದೆ. ಐಎಎಸ್, ಐಪಿಎಸ್‌ನಂಥ ಹುದ್ದೆಗಳಿಗೆ ಕೇಂದ್ರದ ಆಯೋಗ ನಡೆಸುವ ಯುಪಿಎಸ್‌ಸಿ ಪರೀಕ್ಷೆ ಆಗಲಿಲ್ಲ. ಈಗ ಬೇರೊಂದು ಸರ್ಕಾರಿ ಕೆಲಸದಲ್ಲಿದ್ದೇನೆ. ಶನಿವಾರ ಸಂಜೆ ನಮ್ಮೂರಿನ ಲೈಬ್ರರಿಯಲ್ಲಿ ಓದುವ ಹುಡುಗರ ಜೊತೆ ಕೂರುತ್ತೇನೆ. ಅಲ್ಲಿ ಮತ್ತೆ ಮತ್ತೆ ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ನಾಲ್ಕು ವರ್ಷದಲ್ಲಿ ಪುಸ್ತಕ ಸಿಗದೆ ಓದು ಬಿಟ್ಟವರನ್ನು ನಾನು ಹೆಚ್ಚು ನೋಡಲಿಲ್ಲ. ಮನಸ್ಸು ಸೋತು ಬಿಟ್ಟವರನ್ನು ತುಂಬಾ ನೋಡಿದೆ. ನಮಗಿಂತ ಚುರುಕಾಗಿದ್ದವರು, ನಮಗೆ ಪಾಠ ಹೇಳಿಕೊಟ್ಟವರು ಒಂದು ದಿನ ಟ್ರಂಕು ಕಟ್ಟಿಕೊಂಡು ಹೊರಟುಬಿಟ್ಟರು. ಉಳಿದುಕೊಂಡವರು ಕಲ್ಲೆದೆಯವರೇನಲ್ಲ. ಅವರೂ ಅಳುತ್ತಿದ್ದರು. ಆದರೆ ಕೆಟ್ಟ ದಿನ ಬಂದಾಗ ಏನು ಮಾಡಬೇಕು ಅಂತ ಒಳ್ಳೆಯ ದಿನದಲ್ಲೇ ತೀರ್ಮಾನ ಮಾಡಿಟ್ಟುಕೊಂಡಿದ್ದರು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡ ಅಂತಾರಲ್ಲ, ಅದೇ. ಕೆಳಗಿನ ಹೆಜ್ಜೆಗಳೆಲ್ಲ ಆ ಬಾವಿ ತೋಡುವ ಕೆಲಸ. ಯುಪಿಎಸ್‌ಸಿಗೆ ಓದುವವರಿಗೂ ಸರಿ, ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಥರದ ರಾಜ್ಯದ ಹುದ್ದೆಗಳ ಪರೀಕ್ಷೆ ಬರೆಯುವವರಿಗೂ ಸರಿ.

ಮೊದಲ ಹೆಜ್ಜೆ: ಲೆಕ್ಕವನ್ನು ನೆಟ್ಟಗೆ ನೋಡಿ

2024ರ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599 ಮಂದಿ. ಮೊದಲ ಸುತ್ತಾದ ಪ್ರಿಲಿಮ್ಸ್ ಬರೆದವರು 5,83,213. ಎರಡನೇ ಸುತ್ತಾದ ಮೇನ್ಸ್‌ಗೆ ಹೋದವರು 14,627. ಸಂದರ್ಶನಕ್ಕೆ ಬಂದವರು 2,845. ಕೊನೆಗೆ ಆಯ್ಕೆಯಾದವರು 1,009.

ಈ ಸಂಖ್ಯೆಗಳನ್ನು ಹೇಳಿದರೆ ಹುಡುಗರು ಹೆದರುತ್ತಾರೆ ಅಂತ ಕೆಲವರು ಮುಚ್ಚಿಡುತ್ತಾರೆ. ನನಗೆ ಅದು ತಪ್ಪು ಅನ್ನಿಸುತ್ತದೆ. ಪ್ರಿಲಿಮ್ಸ್ ಬರೆದ ಸುಮಾರು ನಲವತ್ತು ಜನರಲ್ಲಿ ಒಬ್ಬರು ಮಾತ್ರ ಮುಂದೆ ಹೋದರು. ಉಳಿದ ಮೂವತ್ತೊಂಬತ್ತು ಜನ ದಡ್ಡರಾ? ಅಲ್ಲ. ಇದನ್ನು ಮೊದಲೇ ತಿಳಿದುಕೊಂಡವರು ಫೇಲಾದ ದಿನ 'ನನ್ನ ಹಣೆಬರಹವೇ ಇಷ್ಟು' ಅಂತ ಕೂರುವುದಿಲ್ಲ. ಆ ಫಲಿತಾಂಶ ನಿಮ್ಮ ಬಗ್ಗೆ ಕೊಟ್ಟ ತೀರ್ಪಲ್ಲ. ಸೀಟು ಕಡಿಮೆ, ಜನ ಜಾಸ್ತಿ.

ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿ 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದರು. ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. ಅದು ಅವರ ನಾಲ್ಕನೇ ಪ್ರಯತ್ನ. 2014ರಲ್ಲಿ ಅವರಿಗೆ ಬಂದಿದ್ದು 642ನೇ ರ‍್ಯಾಂಕ್. 2024ರಲ್ಲಿ ಮೊದಲ ರ‍್ಯಾಂಕ್ ಪಡೆದ ಶಕ್ತಿ ದುಬೆ ಅವರದು ಐದನೇ ಪ್ರಯತ್ನ.

ಇಂಥ ಕಥೆಗಳಿಂದ ಧೈರ್ಯ ಬರುತ್ತದೆ, ನಿಜ. ಆದರೆ ಇವುಗಳನ್ನೇ ನಂಬಿ ಕೂರಬೇಡಿ ಅಂತಲೂ ಹೇಳುತ್ತೇನೆ. ನಾಲ್ಕು ಸಲ, ಐದು ಸಲ ಬರೆದೂ ಆಗದವರು ನಮ್ಮ ಪಿಜಿಯಲ್ಲೇ ಇದ್ದರು. ಅವರ ಸಂದರ್ಶನವನ್ನು ಯಾರೂ ಯೂಟ್ಯೂಬ್‌ನಲ್ಲಿ ಹಾಕುವುದಿಲ್ಲ. ಅದಕ್ಕೇ ಎರಡನೇ ಹೆಜ್ಜೆ ಬೇಕು.

ಎರಡನೇ ಹೆಜ್ಜೆ: ಒಂದು ಹಾಳೆ ಬರೆದು ಮಡಚಿಡಿ

ಇದು ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ.

ಓದು ಶುರು ಮಾಡುವ ವಾರದಲ್ಲೇ, ತಲೆ ತಣ್ಣಗಿರುವಾಗ, ಒಂದು ಹಾಳೆಯಲ್ಲಿ ನಾಲ್ಕು ಉತ್ತರ ಬರೆಯಿರಿ. ಎಷ್ಟು ಸಲ ಪ್ರಯತ್ನ ಮಾಡುತ್ತೇನೆ? ಯಾವ ವರ್ಷದ ಯಾವ ತಿಂಗಳ ತನಕ? ತಿಂಗಳಿಗೆ ಎಷ್ಟು ಖರ್ಚು, ಆ ದುಡ್ಡು ಎಲ್ಲಿಂದ ಬರುತ್ತದೆ? ಆಗದಿದ್ದರೆ ಯಾವ ಕೆಲಸಕ್ಕೆ ಹೋಗುತ್ತೇನೆ?

ಯುಪಿಎಸ್‌ಸಿ ಏನೋ ಸಾಮಾನ್ಯ ವರ್ಗಕ್ಕೆ 32 ವರ್ಷದೊಳಗೆ 6 ಪ್ರಯತ್ನ, ಒಬಿಸಿಗೆ 35ರೊಳಗೆ 9 ಪ್ರಯತ್ನ ಕೊಡುತ್ತದೆ. ಎಸ್‌ಸಿ, ಎಸ್‌ಟಿಯವರು 37ರ ತನಕ ಎಷ್ಟು ಸಲ ಬೇಕಾದರೂ ಬರೆಯಬಹುದು. ಅದು ಆಯೋಗದ ಮಿತಿ. ನಿಮ್ಮ ಮಿತಿ ಅದಕ್ಕಿಂತ ಕಡಿಮೆ ಇರಬಹುದು, ಇದ್ದರೆ ತಪ್ಪೇನಿಲ್ಲ. ಒಂದು ವಿಷಯ ನೆನಪಿಡಿ. ಸುಮ್ನೆ ಅರ್ಜಿ ಹಾಕಿದರೆ ಪ್ರಯತ್ನ ಲೆಕ್ಕಕ್ಕೆ ಬರುವುದಿಲ್ಲ. ಪ್ರಿಲಿಮ್ಸ್‌ನ ಒಂದು ಪತ್ರಿಕೆಗೆ ಕೂತರೂ ಬರುತ್ತದೆ.

ನನ್ನ ಹಾಳೆಯಲ್ಲಿ 'ನಾಲ್ಕು ಸಲ, ಆಮೇಲೆ ಸಿಕ್ಕಿದ ಕೆಲಸಕ್ಕೆ ಸೇರುವುದು' ಅಂತ ಇತ್ತು. ಆದರೆ ಅದನ್ನು ಬರೆದಿದ್ದು ಮೊದಲ ವರ್ಷವಲ್ಲ, ಎರಡನೇ ಸಲ ಫೇಲಾದ ಮೇಲೆ. ಅದಕ್ಕೆ ಮುಂಚೆ ಅಪ್ಪನ ಫೋನ್ ಬಂದರೆ ಎದೆ ಡವಡವ ಅನ್ನುತ್ತಿತ್ತು. ಅವರು ಕೇಳುತ್ತಿದ್ದದ್ದು 'ಊಟ ಆಯ್ತೇನಪ್ಪಾ?' ಅಂತ ಅಷ್ಟೇ. ನನಗೆ ಕೇಳಿಸುತ್ತಿದ್ದದ್ದು ಮಾತ್ರ ಬೇರೆ. ಒಂದು ದಿನ ಊರಿಗೆ ಹೋಗಿ ಆ ಹಾಳೆಯನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. 'ಇನ್ನೆರಡು ವರ್ಷ ತಾನೆ, ಆಗ್ಲಿ ಬಿಡು. ಅಲ್ಲೀವರೆಗೂ ದುಡ್ಡಿನ ಯೋಚನೆ ನಂಗಿರ್ಲಿ' ಅಂದರು. ಆ ರಾತ್ರಿ ನಾನು ಮಲಗಿದ ಹಾಗೆ ಅದಕ್ಕೆ ಮುಂಚೆ ಎಷ್ಟೋ ತಿಂಗಳು ಮಲಗಿರಲಿಲ್ಲ.

'ಬೇರೆ ದಾರಿ ಯೋಚನೆ ಮಾಡಿದರೆ ಛಲ ಕಡಿಮೆಯಾಗುತ್ತೆ' ಅಂತ ಹೇಳುವವರಿದ್ದಾರೆ. ನಾನು ಕಂಡಿದ್ದು ಉಲ್ಟಾ. ಕಾಲಿಗೆ ನೆಲ ಸಿಗುತ್ತದೆ ಅಂತ ಗೊತ್ತಿದ್ದವನು ನೀರಿನಲ್ಲಿ ಕೈಕಾಲು ಸರಿಯಾಗಿ ಆಡಿಸುತ್ತಾನೆ.

ಮೂರನೇ ಹೆಜ್ಜೆ: ಕಾಯುವುದಕ್ಕೂ ಒಂದು ವೇಳಾಪಟ್ಟಿ ಇರಲಿ

ನಮ್ಮ ರಾಜ್ಯದ ಪರೀಕ್ಷೆಗಳಿಗೆ ಓದುವವರು ಓದುವುದರ ಜೊತೆಗೆ ಕಾಯುವುದನ್ನೂ ಕಲಿಯಬೇಕು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ರಂದು. ಅಕ್ರಮ ಬಯಲಾಗಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವೆ ಎರಡು ವರ್ಷಕ್ಕೂ ಮೇಲೆ. 384 ಗೆಜೆಟೆಡ್ ಪ್ರೊಬೇಷನರ್ (ಕೆಎಎಸ್) ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದ ಕಾರಣ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು.

ತಮ್ಮ ತಪ್ಪೇ ಇಲ್ಲದೆ ಎರಡನೇ ಸಲ ಕೂತು ಬರೆಯುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. ಸಿಟ್ಟು ಬರುವುದು ನ್ಯಾಯ. ಪ್ರತಿಭಟನೆಗೆ ಹೋಗಬೇಕು ಅನ್ನಿಸಿದರೆ ಹೋಗಿ, ಅದೂ ನಿಮ್ಮ ಹಕ್ಕು. ಆದರೆ ಸಿಟ್ಟು ನಿಮ್ಮ ಮುಂದಿನ ಮೂರು ತಿಂಗಳನ್ನು ನುಂಗದ ಹಾಗೆ ನೋಡಿಕೊಳ್ಳಿ.

ನಾವು ಲೈಬ್ರರಿಯಲ್ಲಿ ಪಾಲಿಸುವ ಕ್ರಮ ಹೀಗಿದೆ. ಪರೀಕ್ಷೆ ಮುಂದೆ ಹೋಯಿತು ಅಂತ ಸುದ್ದಿ ಬಂದ ದಿನ ಪುಸ್ತಕ ಮುಟ್ಟುವುದಿಲ್ಲ. ಬೈದುಕೊಳ್ಳಬಹುದು, ಸಿನಿಮಾಕ್ಕೆ ಹೋಗಬಹುದು. ಮಾರನೇ ದಿನ ಅರ್ಧ ದಿನ ಓದು, ಅದೂ ನಿಮಗೆ ಇಷ್ಟವಾದ ವಿಷಯ ಮಾತ್ರ. ಮೂರನೇ ದಿನದಿಂದ ಹಳೆಯ ವೇಳಾಪಟ್ಟಿ. ಹೊಸ ದಿನಾಂಕ ಗೊತ್ತಾಗಲಿ ಅಂತ ಕಾಯುವುದಿಲ್ಲ.

ನೋಟಿಫಿಕೇಶನ್ ವಿಷಯಕ್ಕೂ ಒಂದು ನಿಯಮ. ದಿನಕ್ಕೆ ಒಂದೇ ಸಲ, ಸಂಜೆ ಆರು ಗಂಟೆಗೆ, ಆಯೋಗದ ವೆಬ್‌ಸೈಟ್ ನೋಡಿ. ಅಷ್ಟೇ. 'ನಾಳೆ ಬರುತ್ತಂತೆ', 'ಕೋರ್ಟಿನಲ್ಲಿ ತಡೆ ಸಿಕ್ತಂತೆ' ಅನ್ನುವ ಟೆಲಿಗ್ರಾಂ ಗುಂಪುಗಳಿಂದ ಹೊರಗೆ ಬನ್ನಿ. ಅಲ್ಲಿ ಬರುವ ಸುದ್ದಿಯಲ್ಲಿ ನಿಜ ಇರುವುದೆಲ್ಲ ಆರು ಗಂಟೆಗೆ ನಿಮಗೂ ಸಿಗುತ್ತದೆ.

ನಾಲ್ಕನೇ ಹೆಜ್ಜೆ: ಸಣ್ಣ ಸೋಲುಗಳನ್ನು ಬೇಕಂತಲೇ ತಂದುಕೊಳ್ಳಿ

ಮಾಕ್ ಟೆಸ್ಟ್, ಅಂದರೆ ಅಭ್ಯಾಸಕ್ಕೆ ಬರೆಯುವ ಅಣಕು ಪರೀಕ್ಷೆ, ಅಂದರೆ ಓಡಿಹೋಗುವವರು ತುಂಬಾ ಜನ. 'ಸಿಲಬಸ್ ಮುಗೀಲಿ, ಆಮೇಲೆ ಬರೀತೀನಿ ಅಣ್ಣ' ಅನ್ನುತ್ತಾರೆ. ಸಿಲಬಸ್ ಯಾವತ್ತೂ ಮುಗಿಯುವುದಿಲ್ಲ. ಅಸಲಿಗೆ ಅವರು ತಪ್ಪಿಸಿಕೊಳ್ಳುವುದು ಕಡಿಮೆ ಅಂಕ ನೋಡುವ ನೋವಿನಿಂದ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಬರೀ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಅವರಿಗೆ ನೆನಪಿದ್ದದ್ದು ನೂರಕ್ಕೆ ನಲವತ್ತರಷ್ಟು. ಬರೆದು ನೋಡಿದವರಿಗೆ ಅರುವತ್ತರಷ್ಟು. ವಿಶೇಷ ಅಂದರೆ, 'ನನಗೆ ಚೆನ್ನಾಗಿ ನೆನಪಿರುತ್ತದೆ' ಅಂತ ಜಾಸ್ತಿ ಭರವಸೆ ಇಟ್ಟುಕೊಂಡಿದ್ದವರು ಬರೀ ಓದಿದ ಗುಂಪಿನವರೇ. ಅಂದರೆ ಓದುವಾಗ ಸಿಗುವ ಹಾಯನ್ನು ನಂಬುವ ಹಾಗಿಲ್ಲ.

ಹಾಗಾಗಿ ಎರಡನೇ ತಿಂಗಳಿನಿಂದಲೇ ವಾರಕ್ಕೊಂದು ಟೆಸ್ಟ್ ಬರೆಯಿರಿ. ಪರೀಕ್ಷೆಗೆ ಮೂರು ತಿಂಗಳು ಇರುವಾಗ ಕಷ್ಟವನ್ನು ಸ್ವಲ್ಪ ಜಾಸ್ತಿ ಮಾಡಿ. ಬೆಳಿಗ್ಗೆ 9.30ರಿಂದ 11.30, ಮಧ್ಯಾಹ್ನ 2.30ರಿಂದ 4.30, ಅಸಲಿ ಪರೀಕ್ಷೆಯ ಹೊತ್ತಿಗೇ ಕೂತುಕೊಳ್ಳಿ. ಫ್ಯಾನ್ ಆಫ್ ಮಾಡಿ. ಅಲುಗಾಡುವ ಮೇಜು ಇದ್ದರೆ ಅದರಲ್ಲೇ ಬರೆಯಿರಿ. ರಸ್ತೆಯ ಸದ್ದು ಬರುವ ಕಿಟಕಿ ಪಕ್ಕ ಕೂತುಕೊಳ್ಳಿ. ಒಂದು ಸಲವಾದರೂ ರಾತ್ರಿ ನಿದ್ದೆ ಸರಿಯಾಗದ ಮಾರನೇ ದಿನ ಬರೆದು ನೋಡಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ 'ಹೀಗಾದಾಗಲೂ ಬರೆದಿದ್ದೇನೆ' ಅನ್ನುವ ನೆನಪು ಕೈ ಹಿಡಿಯುತ್ತದೆ.

ಟೆಸ್ಟ್ ಮುಗಿದ ಮೇಲೆ ಅಂಕಕ್ಕಿಂತ ಮುಂಚೆ ತಪ್ಪುಗಳನ್ನು ನೋಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಗೊತ್ತೇ ಇರಲಿಲ್ಲ, ಗೊತ್ತಿದ್ದೂ ಪ್ರಶ್ನೆ ತಪ್ಪಾಗಿ ಓದಿದೆ, ಊಹೆ ಮಾಡಿ ಹಾಕಿದೆ. ಯುಪಿಎಸ್‌ಸಿ ಸಾಮಾನ್ಯ ಅಧ್ಯಯನದಲ್ಲಿ ಎರಡು ಅಂಕದ ಪ್ರಶ್ನೆ ತಪ್ಪಾದರೆ 0.66 ಅಂಕ ಹೋಗುತ್ತದೆ. ಗಾಬರಿಯಲ್ಲಿ ಹಾಕಿದ ಹತ್ತು ತಪ್ಪು ಊಹೆಗೆ ಆರೂವರೆ ಅಂಕ ಹೋಯಿತು. 'ನಾನು ಲಾಯಕ್ಕಿಲ್ಲ' ಅನ್ನುವ ಮಾತು ಈ ಮೂರೂ ಕಾಲಂನಲ್ಲಿ ಎಲ್ಲೂ ಕೂರುವುದಿಲ್ಲ. ಅದನ್ನು ಬರೆಯಲು ಜಾಗವೇ ಇಲ್ಲದ ಹಾಗೆ ಕಾಲಂ ಹಾಕಿರುವುದು.

ಐದನೇ ಹೆಜ್ಜೆ: 'ಹೀಗಾದರೆ ಹೀಗೆ' ಪಟ್ಟಿ

ಪೀಟರ್ ಗೋಲ್ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಒಂದು ವಿಷಯದ ಮೇಲೆ ಕೆಲಸ ಮಾಡಿದ್ದಾರೆ. 'ಚೆನ್ನಾಗಿ ಓದುತ್ತೇನೆ' ಅಂತ ಗುರಿ ಇಟ್ಟುಕೊಳ್ಳುವುದಕ್ಕಿಂತ 'ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ಜೋಡಿಸಿಟ್ಟುಕೊಂಡರೆ ಕೆಲಸ ಆಗುವುದು ಜಾಸ್ತಿ. ತಲೆ ಕೆಟ್ಟಾಗ ಹೊಸದಾಗಿ ಯೋಚಿಸಬೇಕಾಗಿಲ್ಲ ಅಲ್ವಾ, ಅದೇ ಇದರ ಬಲ.

ನನ್ನ ಹಳೇ ನೋಟ್‌ಬುಕ್ಕಿನಿಂದ ಕೆಲವು:

- ಬೆಳಿಗ್ಗೆ ಎದ್ದಾಗ ಓದಲು ಮನಸ್ಸೇ ಇಲ್ಲದಿದ್ದರೆ, ಮುಖ ತೊಳೆದು ಹಳೇ ಪ್ರಶ್ನೆಪತ್ರಿಕೆಯ ಹತ್ತು ಪ್ರಶ್ನೆ ಮಾಡುತ್ತೇನೆ. ಆಮೇಲೂ ಆಗದಿದ್ದರೆ ಅರ್ಧ ಗಂಟೆ ನಡೆದು ಬರುತ್ತೇನೆ.
- ಗೆಳೆಯನಿಗೆ ಕೆಲಸ ಸಿಕ್ಕಿ ನನಗೆ ಹೊಟ್ಟೆಯಲ್ಲಿ ಸಂಕಟವಾದರೆ, ಅವತ್ತೇ ಫೋನ್ ಮಾಡಿ ಅಭಿನಂದನೆ ಹೇಳುತ್ತೇನೆ. ಮುಂದೂಡಿದಷ್ಟೂ ಸಂಕಟ ಜಾಸ್ತಿ.
- ಪ್ರಶ್ನೆಪತ್ರಿಕೆಯ ಮೊದಲ ಹತ್ತು ಪ್ರಶ್ನೆ ಒಂದೂ ಗೊತ್ತಿಲ್ಲದಿದ್ದರೆ, ಪೆನ್ನು ಕೆಳಗಿಟ್ಟು ಐದು ಸಲ ನಿಧಾನವಾಗಿ ಉಸಿರು ಬಿಡುತ್ತೇನೆ. ಆಮೇಲೆ 41ನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ಆ ಮೂರನೆಯದು ನಿಜವಾಗಿಯೂ ನಡೆಯುತ್ತದೆ, ಸಿದ್ಧವಾಗಿರಿ. 2023ರ ಪ್ರಿಲಿಮ್ಸ್‌ನಲ್ಲಿ ಸಾಮಾನ್ಯ ವರ್ಗದ ಕಟ್-ಆಫ್, ಅಂದರೆ ಪಾಸಾಗಲು ಬೇಕಾದ ಕನಿಷ್ಠ ಅಂಕ, 200ಕ್ಕೆ 75.41 ಮಾತ್ರ. ಅರ್ಧಕ್ಕೂ ಕಡಿಮೆ. ಪಾಸಾದವರಲ್ಲೂ ಎಷ್ಟೋ ಜನರಿಗೆ ಅರ್ಧ ಪತ್ರಿಕೆ ಬಂದಿರಲಿಲ್ಲ. ಹತ್ತು ಪ್ರಶ್ನೆ ಬರದಿದ್ದಾಗ ಗಾಬರಿಯಾದವನಿಗೂ ಆಗದವನಿಗೂ ಓದಿನಲ್ಲಿ ವ್ಯತ್ಯಾಸ ಇಲ್ಲದೆ ಇರಬಹುದು. ಉಳಿದ ತೊಂಬತ್ತು ಪ್ರಶ್ನೆಯಲ್ಲಿ ವ್ಯತ್ಯಾಸ ಬರುತ್ತದೆ.

ಆರನೇ ಹೆಜ್ಜೆ: ದೇಹ, ಫೋನು, ನೆಂಟರು

ಇದನ್ನು ಬೇಗ ಹೇಳಿಬಿಡುತ್ತೇನೆ. ಏಳು ಗಂಟೆ ನಿದ್ದೆ ಮಾಡಿ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. 'ದಿನಕ್ಕೆ ಹದಿನಾರು ಗಂಟೆ ಓದಿದೆ' ಅನ್ನುವ ಮಾತುಗಳನ್ನು ಕೇಳಿ ಅಲ್ಲೇ ಬಿಡಿ. ದಿನಾ ಅರ್ಧ ಗಂಟೆ ನಡೆಯಿರಿ. ವಾರಕ್ಕೆ ಒಂದು ಸಂಜೆ ಪರೀಕ್ಷೆಯ ಮಾತೇ ಆಡದ ಒಬ್ಬರ ಜೊತೆ ಕಳೆಯಿರಿ. ಫೋನನ್ನು ಓದುವ ಕೋಣೆಯ ಹೊರಗಿಡಿ, ಸೈಲೆಂಟ್‌ನಲ್ಲಿ ಅಲ್ಲ, ಹೊರಗೆ.

ಮದುವೆ ಮನೆಯಲ್ಲಿ ಸಿಗುವ ಪ್ರಶ್ನೆಗೆ ಮಾತ್ರ ಉತ್ತರ ರೆಡಿ ಇಟ್ಟುಕೊಂಡೇ ಹೋಗಿ. 'ಏನಪ್ಪಾ, ಇನ್ನೂ ಓದ್ತಾನೇ ಇದ್ದೀಯಾ?' ಅಂತ ಚಿಕ್ಕಪ್ಪ ಕೇಳಿಯೇ ಕೇಳುತ್ತಾರೆ. 'ಹೌದು ಚಿಕ್ಕಪ್ಪ, ಮುಂದಿನ ವರ್ಷದ ತನಕ ಓದ್ತೀನಿ. ನಿಮ್ಮ ಮಂಡಿನೋವು ಹೇಗಿದೆ?' ಅಂತ ಒಂದೇ ಉಸಿರಿಗೆ ಹೇಳಿ. ಅವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ, ಮಾತಾಡಲು ಬೇರೆ ವಿಷಯ ಸಿಗದೆ ಕೇಳುತ್ತಾರೆ. ಹೆಣ್ಣುಮಕ್ಕಳಿಗೆ ಇದು ಇಷ್ಟು ಸುಲಭವಿಲ್ಲ, ಗೊತ್ತು. ಅವರ ಗಡುವನ್ನು ಹೆಣ್ಣು ನೋಡಲು ಬರುವವರು ನಿರ್ಧಾರ ಮಾಡಿಬಿಡುತ್ತಾರೆ. ನಮ್ಮ ಲೈಬ್ರರಿಗೆ ಬರುವ ಒಬ್ಬ ಹುಡುಗಿ ಎರಡನೇ ಹೆಜ್ಜೆಯ ಹಾಳೆಗೆ ಅಪ್ಪ ಅಮ್ಮನ ಸಹಿಯನ್ನೇ ಹಾಕಿಸಿಕೊಂಡಳು. ಹಾಳೆಯಲ್ಲಿ 'ಈ ತಿಂಗಳವರೆಗೂ ಮದುವೆ ಮಾತು ಬೇಡ' ಅಂತ ಒಂದು ಸಾಲು ಸೇರಿಸಿದ್ದಳು. ಮನೆಯಲ್ಲಿ ಮಾತು ಶುರುವಾದಾಗಲೆಲ್ಲ ಅವಳು ಜಗಳವಾಡುವುದಿಲ್ಲ, ಹಾಳೆ ತೋರಿಸುತ್ತಾಳೆ.

ಏಳನೇ ಹೆಜ್ಜೆ: ಸುಸ್ತು ಯಾವುದು, ಕಾಯಿಲೆ ಯಾವುದು ಅಂತ ತಿಳಿದಿರಿ

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಒಂದೆರಡು ದಿನ ಬೇಸರ ಎಲ್ಲರಿಗೂ ಬರುತ್ತದೆ. ಆದರೆ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟರೆ, ಊಟ ಸೇರದಿದ್ದರೆ, ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ, ಸುಮ್ಮನೆ ಅಳು ಬರುತ್ತಿದ್ದರೆ ಅದು ಛಲದಿಂದ ಗೆಲ್ಲುವ ವಿಷಯವಲ್ಲ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವ ಹಾಗೆ ಇದಕ್ಕೂ ಹೋಗಬೇಕು. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಆ ಕ್ಷಣವೇ ಯಾರಿಗಾದರೂ ಹೇಳಿ.

ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ. ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿ. ನಿಮಗೆ ಬೇಕಾಗದೇ ಇರಬಹುದು, ಪಕ್ಕದ ಹಾಸಿಗೆಯ ಹುಡುಗನಿಗೆ ಬೇಕಾಗಬಹುದು. ಸದಾ ನಗಿಸುತ್ತಿದ್ದವನು ಮಾತು ಬಿಟ್ಟರೆ, ಪುಸ್ತಕಗಳನ್ನು ಬೇರೆಯವರಿಗೆ ಹಂಚತೊಡಗಿದರೆ, ಅವನ ಪಕ್ಕ ಕೂತು 'ಏನಾಯ್ತೋ?' ಅಂತ ನೇರವಾಗಿ ಕೇಳಿ.

ಎಂಟನೇ ಹೆಜ್ಜೆ: ಪರೀಕ್ಷೆಯ ದಿನದ ಆ ಮೂರು ಗಂಟೆ

ಪ್ರಿಲಿಮ್ಸ್ ದಿನ ಮೊದಲ ಪತ್ರಿಕೆ 11.30ಕ್ಕೆ ಮುಗಿಯುತ್ತದೆ. ಎರಡನೆಯದು 2.30ಕ್ಕೆ. ನಡುವಿನ ಮೂರು ಗಂಟೆಯಲ್ಲಿ ಏನಾಗುತ್ತದೆ ಅಂತ ಬರೆದವರೆಲ್ಲರಿಗೂ ಗೊತ್ತು. ಗೇಟಿನ ಹೊರಗೆ ಮರದ ಕೆಳಗೆ ಗುಂಪು ಕೂಡುತ್ತದೆ. 'ಆ ಪ್ರಶ್ನೆಗೆ ಏನ್ ಹಾಕ್ದೆ?' ಅಂತ ಶುರು. ನನ್ನ ಮೊದಲ ಸಲ ನಾನು ಆ ಗುಂಪಿನಲ್ಲಿ ನಿಂತೆ. ಏಳು ತಪ್ಪು ಲೆಕ್ಕ ಹಾಕಿಕೊಂಡು ಒಳಗೆ ಹೋದೆ. ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ ಸುಲಭದ ಲೆಕ್ಕಗಳನ್ನೂ ಎರಡೆರಡು ಸಲ ಮಾಡಿದೆ, ಸಮಯ ಸಾಲಲಿಲ್ಲ. ಆ ಪತ್ರಿಕೆಯಲ್ಲಿ ಬೇಕಾಗಿರುವುದು ನೂರಕ್ಕೆ ಮೂವತ್ತಮೂರು. ನನಗೆ ಬರಲಿಲ್ಲ. ಆಮೇಲೆ ನೋಡಿದರೆ, ಮರದ ಕೆಳಗೆ ತಪ್ಪು ಅಂದುಕೊಂಡಿದ್ದ ಏಳರಲ್ಲಿ ನಾಲ್ಕು ಸರಿಯಾಗಿದ್ದವು.

ಎರಡನೇ ಸಲದಿಂದ ಹೀಗೆ ಮಾಡಿದೆ. ಹೊರಗೆ ಬಂದ ತಕ್ಷಣ ಗುಂಪಿನಿಂದ ದೂರ ನಡೆದುಬಿಡುವುದು. ಫೋನ್ ಆನ್ ಮಾಡುವುದಿಲ್ಲ. ಮನೆಯವರಿಗೆ 'ಸಂಜೆ ಐದಕ್ಕೆ ನಾನೇ ಮಾಡ್ತೀನಿ' ಅಂತ ಹಿಂದಿನ ದಿನವೇ ಹೇಳಿರುವುದು. ಮೊಸರನ್ನ, ಒಂದು ಬಾಳೆಹಣ್ಣು. ಹೊಟ್ಟೆ ಭಾರವಾಗುವಂಥದ್ದು ಬೇಡ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು. 1.30ಕ್ಕೆ ಹತ್ತು ಸುಲಭದ ಲೆಕ್ಕ, ಬರೀ ಕೈ ಬಿಸಿ ಮಾಡಿಕೊಳ್ಳಲು. ಇದನ್ನು ಮಾಕ್ ಟೆಸ್ಟ್ ದಿನಗಳಲ್ಲೂ ಹೀಗೇ ಅಭ್ಯಾಸ ಮಾಡಿ, ಮೊಸರನ್ನ ಸಮೇತ.

ಎದೆ ಹೊಡೆದುಕೊಂಡರೆ 'ಶಾಂತವಾಗಿರು' ಅಂತ ನಿಮಗೆ ನೀವೇ ಗದರಿಕೊಳ್ಳಬೇಡಿ, ಅದು ಕೆಲಸ ಮಾಡುವುದಿಲ್ಲ. 'ಮೈ ತಯಾರಾಗ್ತಿದೆ' ಅಂತ ಹೇಳಿಕೊಳ್ಳಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ.

ಕೊನೆಯ ಹೆಜ್ಜೆ: ಫಲಿತಾಂಶದ ಸಂಜೆ

ಪಿಡಿಎಫ್ ತೆರೆಯುವಾಗ ಒಬ್ಬರೇ ಇರಬೇಡಿ. ನಂಬರ್ ಇಲ್ಲದಿದ್ದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ ಅಂತ ಮೊದಲೇ ಗೊತ್ತಿರಲಿ. ನನಗೆ ಅದು ಅಕ್ಕ. ಅವಳು 'ಬಾ, ಊಟಕ್ಕೆ ಮುದ್ದೆ ಮಾಡ್ತೀನಿ' ಅನ್ನುತ್ತಿದ್ದಳು, ಬೇರೇನೂ ಹೇಳುತ್ತಿರಲಿಲ್ಲ. ಮೂರು ದಿನ ಊರಿಗೆ ಹೋಗಿ. ವಾಟ್ಸಾಪ್ ಸ್ಟೇಟಸ್ ನೋಡಬೇಡಿ. ಆ ಮೂರು ದಿನ 'ಇನ್ನು ಬರೆಯಲ್ಲ' ಅಂತಲೂ, 'ಸಾಯೋವರೆಗೂ ಬರೀತೀನಿ' ಅಂತಲೂ ಯಾರಿಗೂ ಮಾತು ಕೊಡಬೇಡಿ.

ಹದಿನೈದನೇ ದಿನ ಬೆಳಿಗ್ಗೆ ಕಾಫಿ ಕುಡಿದು, ಮಡಚಿಟ್ಟ ಹಾಳೆಯನ್ನು ತೆಗೆಯಿರಿ. ಪಕ್ಕದಲ್ಲಿ ಮೂರು ಕಾಲಂನ ನೋಟ್‌ಬುಕ್ ಇಟ್ಟುಕೊಳ್ಳಿ. ಹಾಳೆಯಲ್ಲಿ ಇನ್ನೂ ಪ್ರಯತ್ನ ಉಳಿದಿದ್ದರೆ, ಯಾವ ಕಾಲಂ ಉದ್ದವಾಗಿದೆ ನೋಡಿ, ಮುಂದಿನ ವರ್ಷದ ವೇಳಾಪಟ್ಟಿಯನ್ನು ಅಲ್ಲಿಂದಲೇ ಶುರು ಮಾಡಿ. ಪ್ರಯತ್ನ ಮುಗಿದಿದ್ದರೆ, ನಾಲ್ಕನೇ ಉತ್ತರದಲ್ಲಿ ಬರೆದಿಟ್ಟ ಕೆಲಸದ ಅರ್ಜಿಯನ್ನು ಅವತ್ತೇ ತುಂಬಿಸಿ. ನಾನು ತುಂಬಿಸಿದ ದಿನ ಅಪ್ಪ ಪಕ್ಕದಲ್ಲೇ ಕೂತಿದ್ದರು. ಫೋಟೋ ಅಂಟಿಸಲು ಗೋಂದು ತಂದುಕೊಟ್ಟವರು ಅವರೇ.